ರಂಗಗೀತೆ ಸಿನಿಮಾಕ್ಕೆ ಹೋದಾಗ: ಗುಬ್ಬಿಯಿಂದ ‘ರಂಗನಾಯಕಿ’ಯವರೆಗೆ

ಪುಟ್ಟಣ್ಣ ಕಣಗಾಲರ ‘ರಂಗನಾಯಕಿ’ (1981) ಕಂಪನಿ ನಾಟಕದ ನಟಿಯೊಬ್ಬಳ ಬದುಕಿನ ಚಿತ್ರ. ಎಂ. ರಂಗರಾವ್ ಅವರ ಸಂಗೀತಕ್ಕೆ ಇಂದಿಗೂ ಮುಪ್ಪು ಬಂದಿಲ್ಲ. ಆದರೆ ತುಮಕೂರು ಸೀಮೆಯ ಹಳ್ಳಿಗಳಲ್ಲಿ ರಾತ್ರಿಯಿಡೀ ಕೂತು ಕುರುಕ್ಷೇತ್ರ ನಾಟಕ ನೋಡಿದ ಕಿವಿಗೆ ಅಲ್ಲಿರುವುದು ಸಿನಿಮಾ ಹಾಡು, ರಂಗಗೀತೆಯಲ್ಲ. ಇದು ಆ ಒಂದು ಚಿತ್ರದ ಕೊರತೆಯಲ್ಲ. ಬೇರು ಬಹಳ ಹಿಂದಿನದು.

ಗುಬ್ಬಿಯಲ್ಲಿ ಚನ್ನಬಸವೇಶ್ವರ ನಾಟಕ ಸಂಘ ಹುಟ್ಟಿದ್ದು 1884ರಲ್ಲಿ. ಆಗ ಮೈಕ್ ಇರಲಿಲ್ಲ. ನಟನೇ ಹಾಡಬೇಕು, ಕೊನೆಯ ಸಾಲಿಗೂ ಮಾತು ಬಿಡಿಯಾಗಿ ಕೇಳಬೇಕು. ಅದಕ್ಕೇ ಏರು ಶ್ರುತಿ, ಎದೆಯಿಂದ ಬರುವ ದನಿ. ಕಾಲು ಹಾರ್ಮೋನಿಯಂನಲ್ಲಿ ತಿದಿ ಒತ್ತುವುದು ಕಾಲು. ಮೇಷ್ಟ್ರಿಗೆ ಎರಡೂ ಕೈ ಬಿಡುವು, ಕಣ್ಣು ನಟನ ಮೇಲೆ. ನಟ ಉಸಿರು ಎಳೆದುಕೊಂಡರೆ ಆ ಸಂದಿನಲ್ಲಿ ಸ್ವರ ತುಂಬುತ್ತಾರೆ, ಆಲಾಪ ಬೆಳೆದರೆ ಜೊತೆಗೇ ಹೋಗುತ್ತಾರೆ. ‘ವನ್ಸ್ ಮೋರ್’ ಬಿದ್ದರೆ ಮತ್ತೆ ಪಲ್ಲವಿ. ಹಾಡಿಗೆ ಗೊತ್ತಾದ ಉದ್ದವೇ ಇಲ್ಲ.

1934ರಲ್ಲಿ ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ ಬಂತು. ಸಾವಿರ ಅಡಿಯ ರೀಲು ಓಡುವುದು ಸುಮಾರು 11 ನಿಮಿಷ. ಗ್ರಾಮಫೋನ್ ತಟ್ಟೆಯ ಒಂದು ಮಗ್ಗುಲಿಗೆ ಮೂರು ಚಿಲ್ಲರೆ ನಿಮಿಷ. ಹಾಡು ಆ ಅಳತೆಗೆ ಕುಗ್ಗಿತು. ಹಿನ್ನೆಲೆ ಗಾಯನ ಬಂದ ಮೇಲೆ ಕಂಠವೂ ನಟನಿಂದ ಬೇರೆಯಾಯಿತು. ಗುಬ್ಬಿ ಕಂಪನಿಯಲ್ಲಿ ಪಳಗಿದ ರಾಜ್‌ಕುಮಾರ್ ನಾಯಕರಾದ ಮೊದಲ ಚಿತ್ರ ‘ಬೇಡರ ಕಣ್ಣಪ್ಪ’ (1954). ಅದರಲ್ಲಿ ‘ಶಿವಪ್ಪ ಕಾಯೋ ತಂದೆ’ ಹಾಡಿದ್ದು ಸಿ.ಎಸ್. ಜಯರಾಮನ್. ರಂಗದ ಮೇಲೆ ಹಾಡಿಯೇ ಬೆಳೆದವರ ಬಾಯಿಗೆ ಇನ್ನೊಬ್ಬರ ದನಿ! ‘ಯಾರೇ ಕೂಗಾಡಲಿ’ ಹಾಡಿನಿಂದ ಅವರ ಗಾಯನ ಮನೆಮಾತಾಗುವ ಹೊತ್ತಿಗೆ 1974 ಆಗಿತ್ತು.

ಕ್ಲೋಸಪ್ಪಿನಲ್ಲಿ ಎಡವಟ್ಟು ಎದ್ದು ಕಾಣುತ್ತದೆ. ತಾರಸ್ಥಾಯಿಯಲ್ಲಿ ಸ್ವರ ನಿಂತಿದೆ, ಕೊರಳ ನರ ಉಬ್ಬಿಲ್ಲ, ಎದೆ ಏರಿಲ್ಲ. ತುಟಿ ಕೂಡಿದರೂ ಉಸಿರು ಕೂಡುವುದಿಲ್ಲ. ತುಟಿಯೂ ಸೆಕೆಂಡಿಗೆ 24 ಫ್ರೇಮಿನಲ್ಲಿ ನಾಲ್ಕು ಜಾರಿದರೆ ಸಾಕು, ನೋಡುಗರಿಗೆ ಗೊತ್ತಾಗುತ್ತದೆ.

ಈಗ ರಂಗನಟರ ಬದುಕನ್ನು ಚಿತ್ರ ಮಾಡುವವರು ರಂಗದ ಹಾಡನ್ನಾದರೂ ಸ್ಥಳದಲ್ಲೇ, ಹಾರ್ಮೋನಿಯಂ ಮೇಷ್ಟ್ರನ್ನು ಎದುರಿಗೆ ಕೂರಿಸಿ ಧ್ವನಿಮುದ್ರಿಸಬೇಕು. ನಟನ ಬಟ್ಟೆಯೊಳಗೊಂದು ಪುಟ್ಟ ಮೈಕ್, ಪೆಟ್ಟಿಗೆಗೆ ಬೇರೊಂದು. ಎರಡು ಟೇಕಿನಲ್ಲಿ ಆಲಾಪ ಒಂದೇ ಉದ್ದ ಬರುವುದಿಲ್ಲ. ಒಂದೇ ಕ್ಯಾಮೆರಾ ಇಟ್ಟು ಆಮೇಲೆ ತುಂಡು ಜೋಡಿಸಹೊರಟರೆ ತಾಳ ಕೆಡುತ್ತದೆ. ಕನಿಷ್ಠ ಎರಡು ಕ್ಯಾಮೆರಾ ಒಟ್ಟಿಗೆ ಓಡಲಿ.