ಝಡ್ ಡ್ರೈವ್ ಕಾಣ್ತಿದೆ, ಆದರೂ ಇನ್‌ಸ್ಟಾಲ್ ಆಗ್ತಿಲ್ಲ

ತೊಗರಿ ರಾಶಿ ಶುರುವಾದ ದಿನಗಳು. ಕಲಬುರಗಿಯ ಒಂದು ದಾಲ್ ಮಿಲ್ಲಿಗೆ ನಮ್ಮ ತೂಕ ಮತ್ತು ಬಿಲ್ಲಿನ ಸಾಫ್ಟ್‌ವೇರ್ ಕಳಿಸಿದ್ದೆವು. ಮುನೀಮರು ಫೋನ್ ಮಾಡಿದರು. "ಸರ್, ಹಸಿರು ಪಟ್ಟಿ ಪೂರಾ ತುಂಬಲಿಕ್ಕೆ ಬಂದಿತ್ರಿ. ಈಗ ತಾನೇ ಹಿಂದಕ್ಕ ಹೊಂಟದ." ಕೊನೆಗೆ ಸ್ಕ್ರೀನ್ ಮೇಲೆ ಉಳಿದದ್ದು 1603 ಎಂಬ ಸಂಖ್ಯೆ. ಹೊರಗೆ ಕಾಟಾ ಮುಂದೆ ಗಾಡಿಗಳು ನಿಂತಿದ್ದವು.

1603 ಅಂದರೆ ಇನ್‌ಸ್ಟಾಲ್ ಕೆಟ್ಟಿತು ಅಂತಷ್ಟೇ. ಯಾಕೆ ಅಂತ ಅದು ಹೇಳುವುದಿಲ್ಲ. ಇದನ್ನು ನೋಡಿ ವಿಂಡೋಸನ್ನೇ ಹೊಸದಾಗಿ ಹಾಕಿಸುವವರಿದ್ದಾರೆ. ದಯವಿಟ್ಟು ಬೇಡ. ಫೈಲ್ ಇಡುವುದು, ವಿಂಡೋಸಿನ ಸೆಟ್ಟಿಂಗ್‌ಗಳಿರುವ ರಿಜಿಸ್ಟ್ರಿ ಬರೆಯುವುದು ವಿಂಡೋಸ್ ಇನ್‌ಸ್ಟಾಲರ್‌ಗೆ ಗೊತ್ತು. ಅದಕ್ಕೆ ಗೊತ್ತಿಲ್ಲದ ಕೆಲಸಕ್ಕೆ ನಾವು ಸೇರಿಸುವ ಕೋಡೇ ಕಸ್ಟಮ್ ಆಕ್ಷನ್. ಪ್ಯಾಕೇಜಿನಲ್ಲಿ ಅದು ಇದ್ದರೆ ನಾನು ಮೊದಲು ಅಲ್ಲೇ ಹುಡುಕುತ್ತೇನೆ.

ಹುಡುಕಲು ಲಾಗ್ ಬೇಕು, ಅಂದರೆ ಇನ್‌ಸ್ಟಾಲರ್ ತಾನು ಮಾಡಿದ್ದನ್ನೆಲ್ಲ ಬರೆದಿಡುವ ಫೈಲ್. ಇನ್‌ಸ್ಟಾಲರನ್ನು ಓಡಿಸುವ ಎಂಎಸ್‌ಐಎಕ್ಸೆಕ್ ಕಮಾಂಡಿಗೆ ಸ್ಲ್ಯಾಶ್ ಎಲ್, ಸ್ಟಾರ್, ವಿ ಸೇರಿಸಿ, ಮುಂದೆ ಲಾಗ್ ಫೈಲಿನ ಹೆಸರು ಕೊಡಿ. ಸಾವಿರಾರು ಸಾಲು ಬರುತ್ತದೆ, ಗಾಬರಿ ಬೇಡ. "ರಿಟರ್ನ್ ವ್ಯಾಲ್ಯೂ 3" ಅಂತ ಹುಡುಕಿ. ಅದು ಹಲವು ಕಡೆ ಸಿಗುತ್ತದೆ, ನಮಗೆ ಬೇಕಾದ್ದು ಮೊದಲನೆಯದು. ಅಲ್ಲಿಂದ ಮೇಲಕ್ಕೆ ಓದುತ್ತಾ ಹೋಗಿ. ಹತ್ತಿಪ್ಪತ್ತು ಸಾಲಿನೊಳಗೆ ಸಾಮಾನ್ಯವಾಗಿ ಕೆಟ್ಟ ಆಕ್ಷನ್ನಿನ ಹೆಸರು ಇರುತ್ತದೆ.

ಮಿಲ್ಲಿನ ಲಾಗ್‌ನಲ್ಲಿ ಸಿಕ್ಕಿದ್ದು ಹಳೆಯ ರೇಟ್ ಫೈಲನ್ನು ಝಡ್ ಡ್ರೈವಿನಿಂದ (ನೆಟ್‌ವರ್ಕಿನ ಇನ್ನೊಂದು ಕಂಪ್ಯೂಟರಿನ ಫೋಲ್ಡರ್ ಅದು) ತರುವ ನಮ್ಮದೇ ಕೋಡ್. "ಝಡ್ ಡ್ರೈವ್ ಇಲ್ಲೇ ಕಾಣ್ತದಲ್ರಿ ಸರ್" ಅಂದರು ಮುನೀಮರು. ಅವರಿಗೆ ಕಾಣುತ್ತಿತ್ತು, ನಿಜ. ಆದರೆ ಆ ಕೋಡ್ ಓಡುತ್ತಿದ್ದದ್ದು ಅವರ ಹೆಸರಿನಲ್ಲಿ ಅಲ್ಲ. ಕಂಪ್ಯೂಟರಿನಲ್ಲಿ ಬದಲಾವಣೆ ಮಾಡುವ ಆಕ್ಷನ್‌ಗಳನ್ನು ಡಿಫರ್ಡ್, ಅಂದರೆ ಆಮೇಲೆ ಓಡುವಂಥದ್ದು, ಎಂದು ಗುರುತಿಸುತ್ತೇವೆ. ಅದರ ಜೊತೆ ನೋ ಇಂಪರ್ಸನೇಟ್ (ಬಳಕೆದಾರರ ಹೆಸರಿನಲ್ಲಿ ಓಡಬೇಡ) ಅಂತಲೂ ಹಾಕಿದರೆ ಕೋಡ್ ವಿಂಡೋಸಿನದೇ ಆದ ಲೋಕಲ್ ಸಿಸ್ಟಮ್ ಅಕೌಂಟಿನಲ್ಲಿ ಓಡುತ್ತದೆ. ಮುನೀಮರು ಜೋಡಿಸಿಕೊಂಡ ಡ್ರೈವ್ ಆ ಅಕೌಂಟಿಗೆ ಕಾಣುವುದಿಲ್ಲ. ನನ್ನ ಟೇಬಲ್ಲಿನ ಮೇಲೆ ಇದನ್ನೇ ಪರೀಕ್ಷಿಸಿದೆ. ಬೇರೆ ಅಕೌಂಟಿನಲ್ಲಿ ಪ್ರೋಗ್ರಾಂ ಓಡಿಸುವ ಪಿಎಸ್‌ಎಕ್ಸೆಕ್ ಎಂಬ ಟೂಲ್‌ಗೆ ಡ್ಯಾಶ್ ಎಸ್, ಡ್ಯಾಶ್ ಐ ಕೊಟ್ಟು ಸಿಸ್ಟಮ್ ಅಕೌಂಟಿನ ಕಪ್ಪು ಕಿಟಕಿ ತೆರೆದು ಝಡ್, ಕೋಲನ್ ಒತ್ತಿದೆ. ಆ ಡ್ರೈವೇ ಸಿಗಲಿಲ್ಲ ಅಂದಿತು.

ಝಡ್ ಬದಲು ಸರ್ವರ್ ಹೆಸರಿನ ಪೂರ್ತಿ ದಾರಿ ಕೊಟ್ಟರೆ ಸಾಕಲ್ವಾ ಅಂತ ನಮ್ಮ ಹುಡುಗ ಕೇಳಿದ. ಒಳ್ಳೆಯ ಪ್ರಶ್ನೆ. ಆದರೆ ಡೊಮೇನ್ (ಎಲ್ಲ ಕಂಪ್ಯೂಟರುಗಳ ಲಾಗಿನ್ ಒಂದೇ ಕಡೆ ನೋಡುವ ವ್ಯವಸ್ಥೆ) ಇಲ್ಲದ ಸಣ್ಣ ಮಿಲ್ಲಿನ ನೆಟ್‌ವರ್ಕಿನಲ್ಲಿ ಸಿಸ್ಟಮ್ ಅಕೌಂಟನ್ನು ಬೇರೆ ಕಂಪ್ಯೂಟರ್ ಒಳಗೆ ಬಿಡುವುದು ಕಷ್ಟ. ಹಾಗಾಗಿ ಆ ಕೆಲಸವನ್ನೇ ಇನ್‌ಸ್ಟಾಲರ್‌ನಿಂದ ತೆಗೆದೆವು. ಈಗ ಸಾಫ್ಟ್‌ವೇರ್ ಮೊದಲ ಸಲ ತೆರೆದಾಗ, ಮುನೀಮರ ಲಾಗಿನ್‌ನಲ್ಲೇ, ರೇಟ್ ಫೈಲ್ ಬರುತ್ತದೆ.

ಅಷ್ಟಕ್ಕೇ ಮುಗಿಯಲಿಲ್ಲ. ಎರಡನೇ ಸಲ ಬೇರೆ ಕಡೆ ನಿಂತಿತು. ಮೊದಲ ಸಲ ಎಲ್ಲ ಹಿಂದಕ್ಕೆ ಹೋದಾಗ ಫೈಲುಗಳು ಹೋದವು, ಇನ್ನೊಂದು ಕಸ್ಟಮ್ ಆಕ್ಷನ್ ಮಾಡಿದ್ದ ಡೇಟಾಬೇಸ್ ಟೇಬಲ್ ಮಾತ್ರ ಉಳಿದಿತ್ತು. ನಮ್ಮ ಕೋಡ್ ಮಾಡಿದ್ದನ್ನು ಅಳಿಸುವುದು ಇನ್‌ಸ್ಟಾಲರ್‌ಗೆ ಗೊತ್ತಿಲ್ಲ, ಅದನ್ನೂ ನಾವೇ ಬರೆಯಬೇಕು. ಆ ರೋಲ್‌ಬ್ಯಾಕ್ ಆಕ್ಷನ್ ಮೂಲ ಆಕ್ಷನ್‌ಗಿಂತ ಮುಂಚೆಯೇ ಸಾಲಿನಲ್ಲಿ ನಿಲ್ಲಬೇಕು. ನಂತರ ಇಟ್ಟರೆ, ಮೂಲ ಆಕ್ಷನ್ ಅರ್ಧಕ್ಕೆ ಕೆಟ್ಟಾಗ ಅದರ ಸರದಿಯೇ ಬಂದಿರುವುದಿಲ್ಲ.

ಫಲಿತಾಂಶ ನೋಡಬೇಡ, ಮುಂದೆ ಹೋಗು ಅಂತ ಆಕ್ಷನ್‌ಗೆ ಗುರುತು ಹಾಕಿಬಿಡುವ ದಾರಿಯೂ ಇದೆ. ಪಟ್ಟಿ ಪೂರ್ತಿ ತುಂಬುತ್ತದೆ, ಸಾಫ್ಟ್‌ವೇರ್ ಮಾತ್ರ ಅರ್ಧ ಕೂತಿರುತ್ತದೆ. ಬಿಲ್ಲು ಮಾಡುವ ಜಾಗದಲ್ಲಿ ನಾನು ಅದನ್ನು ಒಪ್ಪುವುದಿಲ್ಲ.

ಆಕ್ಷನ್ ಯಾವಾಗ ಓಡಬೇಕು ಎಂಬ ಷರತ್ತನ್ನೂ ನೋಡಿಕೊಳ್ಳಿ. ಷರತ್ತಿಲ್ಲದ ಆಕ್ಷನ್ ಅನ್‌ಇನ್‌ಸ್ಟಾಲ್ ಮಾಡುವಾಗಲೂ ಓಡುತ್ತದೆ. ಆಗ ಕೆಟ್ಟರೆ ಸಾಫ್ಟ್‌ವೇರ್ ತೆಗೆಯಲಿಕ್ಕೂ ಬರುವುದಿಲ್ಲ.

ಈಗ ಲಾಗ್ ಬರೆಯುವ ಕಮಾಂಡನ್ನು ಬ್ಯಾಚ್ ಫೈಲ್ ಮಾಡಿ ಪ್ಯಾಕೇಜಿನ ಜೊತೆಗೇ ಕಳಿಸುತ್ತೇವೆ. ಮುನೀಮರು ಅದನ್ನೇ ಡಬಲ್ ಕ್ಲಿಕ್ ಮಾಡುತ್ತಾರೆ. ಏನಾದರೂ ಕೆಟ್ಟರೆ ಮೊದಲು ಲಾಗ್ ಫೈಲ್ ವಾಟ್ಸಾಪ್‌ಗೆ ಬರುತ್ತದೆ, ಆಮೇಲೆ ಫೋನ್.