ಹಿತ್ತಲಿಗೆ ಹತ್ತಿದ ಉಪ್ಪು

ಯಾದಗಿರಿ ಜಿಲ್ಲೆಯ ಶಹಾಪುರ ತಾಲ್ಲೂಕಿನಲ್ಲಿ, ಕಾಲುವೆ ಕೆಳಗಿನ ಒಂದು ಊರಿನಲ್ಲಿ ನಮ್ಮ ಕಾಕಿಯ ಮನೆ. ಯುಗಾದಿಗೆ ಹೋದಾಗ ಹಿತ್ತಲ ನೆಲ ಸುಣ್ಣ ಚೆಲ್ಲಿದ ಹಾಗೆ ಬೆಳ್ಳಗಿತ್ತು. ಮೆಂತ್ಯೆ ಸಸಿಗಳು ಎರಡೆಲೆ ಬಿಟ್ಟು, ಅಂಚು ಸುಟ್ಟು, ಅಲ್ಲೇ ನಿಂತುಬಿಟ್ಟಿದ್ದವು. "ಎಷ್ಟ್ ನೀರ್ ಹಾಕಿದ್ರೂ ಒಣಗ್ತಾವ ನೋಡಪಾ" ಅಂದಳು ಕಾಕಿ.

ಹೆಚ್ಚಿದ ಮಾವಿನಕಾಯಿಗೆ ಉಪ್ಪು ಬೆರೆಸಿಟ್ಟರೆ ಹೋಳು ನೀರು ಬಿಡುತ್ತದೆ, ಅಲ್ವಾ? ಮಣ್ಣಲ್ಲೂ ಅದೇ ಲೆಕ್ಕ. ಬೇರಿನ ಒಳಗಿಗಿಂತ ಹೊರಗಿನ ನೀರಲ್ಲಿ ಉಪ್ಪು ಜಾಸ್ತಿಯಾದರೆ ಬೇರಿಗೆ ನೀರು ಎಳೆದುಕೊಳ್ಳಲು ಆಗುವುದಿಲ್ಲ. ಕಾಲಡಿ ಹಸಿ ಇದ್ದರೂ ಗಿಡ ಬಾಯಾರಿ ಸಾಯುತ್ತದೆ.

ಸಮುದ್ರ ಇಲ್ಲಿಂದ 300 ಕಿಲೋಮೀಟರಿಗೂ ದೂರ. ಹಾಗಿದ್ದರೆ ಉಪ್ಪು ಬಂದದ್ದು ಎಲ್ಲಿಂದ? ಒಂದಿಷ್ಟು ಈ ಎರಿ ಮಣ್ಣಲ್ಲೇ, ಅಂದರೆ ಕಪ್ಪು ಮಣ್ಣಲ್ಲೇ, ಆಳದಲ್ಲಿ ಇತ್ತು. ಒಂದಿಷ್ಟು ನೀರಿನ ಜೊತೆ ಬಂತು. ಎಂಥ ಸಿಹಿನೀರಲ್ಲೂ ಸ್ವಲ್ಪ ಉಪ್ಪು ಕರಗಿರುತ್ತದೆ. ಲೀಟರಿಗೆ ಬರೀ ಕಾಲು ಗ್ರಾಂ ಅಂತಿಟ್ಟುಕೊಳ್ಳಿ. ಒಂದು ಎಕರೆಯಲ್ಲಿ ಒಂದಡಿ ನೀರು ನಿಲ್ಲಿಸಿದರೆ ಸುಮಾರು 12 ಲಕ್ಷ ಲೀಟರ್ ಆಗುತ್ತದೆ. ಅದರಲ್ಲಿ 3 ಕ್ವಿಂಟಲ್ ಉಪ್ಪು! ನೀರು ಆವಿಯಾಗುತ್ತದೆ, ಉಪ್ಪು ಹೋಗುವುದಿಲ್ಲ.

ನಾರಾಯಣಪುರದ ಬಸವಸಾಗರ ಅಣೆಕಟ್ಟು ಮುಗಿದದ್ದು 1982ರಲ್ಲಿ. ಅದರ ಕಾಲುವೆಗಳ ಯೋಜನೆ ಮುಖ್ಯವಾಗಿ ಜೋಳ, ತೊಗರಿ, ಹತ್ತಿಯಂಥ ಕಡಿಮೆ ನೀರಿನ ಬೆಳೆಗಳಿಗೆ. ನೀರು ಬಂದ ಮೇಲೆ ಭತ್ತವೂ ಬಂತು. ಬೆಳೆದವರನ್ನು ನಾನು ದೂರುವುದಿಲ್ಲ. ಭತ್ತ ಕೈ ತುಂಬ ದುಡ್ಡು ಕೊಟ್ಟಿತು. ಆದರೆ ಎರಿ ಮಣ್ಣು ನೀರನ್ನು ಸುಲಭಕ್ಕೆ ಕೆಳಗೆ ಬಿಡುವ ಮಣ್ಣಲ್ಲ. ತಗ್ಗಿನ ಹೊಲಗಳಲ್ಲಿ, ಊರ ಹಿತ್ತಲುಗಳಲ್ಲಿ ಅಂತರ್ಜಲ ಮೇಲೆದ್ದು ಜವಳು ಹಿಡಿಯಿತು, ಅಂದರೆ ನೆಲ ಸದಾ ನೀರು ಕುಡಿದು ಹಸಿಯಾಗೇ ಉಳಿಯಿತು. ನೆಲದಿಂದ ಐದಾರು ಅಡಿ ಆಳಕ್ಕೆ ನೀರು ಬಂದರೆ ಸಾಕು, ಬತ್ತಿ ಎಣ್ಣೆ ಎಳೆಯುವ ಹಾಗೆ ಮಣ್ಣು ಅದನ್ನು ಮೇಲಕ್ಕೆ ಎಳೆಯುತ್ತದೆ. ಬಿಸಿಲಿಗೆ ನೀರು ಹಾರಿ, ಉಪ್ಪು ಮೇಲೆ ಕೂರುತ್ತದೆ.

ಇಷ್ಟು ಗೊತ್ತಿದ್ದರೂ ಕಾಕಿಯ ಹಿತ್ತಲು ನನಗೆ ಹೊಸ ಪಾಠ ಕಲಿಸಿತು. ಎರಡು ಗಾಜಿನ ಲೋಟ ತಂದು, ಹಿಡಿದಿಟ್ಟಿದ್ದ ಮಳೆ ನೀರು ತುಂಬಿದೆವು. ಬೇಲಿ ಕಡೆಯ ಒಣ ಮಣ್ಣಿನ ಸಣ್ಣ ಹೆಂಟೆಯೊಂದು ಒಂದಕ್ಕೆ, ಬಚ್ಚಲ ಮೋರಿ ಪಕ್ಕದ್ದು ಇನ್ನೊಂದಕ್ಕೆ. ಅಲ್ಲಾಡಿಸದೆ ಹಾಗೇ ಇಟ್ಟೆವು. ಸಂಜೆ ಹೊತ್ತಿಗೆ ಮೊದಲ ಲೋಟದಲ್ಲಿ ಹೆಂಟೆ ಪುಡಿಯಾಗಿ ಕೆಳಗೆ ಕೂತಿತ್ತು, ಮೇಲಿನ ನೀರು ತಿಳಿಯಾಗಿತ್ತು. ಎರಡನೆಯದರಲ್ಲಿ ಹೆಂಟೆಯ ಸುತ್ತ ಹಾಲಿನ ಮೋಡದಂಥ ಬಗ್ಗಡ ಎದ್ದಿತ್ತು. ಮರುದಿನ ಬೆಳಿಗ್ಗೆಯೂ ಅದು ತಿಳಿಯಾಗಲಿಲ್ಲ.

ಅಂದರೆ ಒಂದೇ ಹಿತ್ತಲಲ್ಲಿ ಎರಡು ಬೇರೆ ರೋಗ. ಬೇಲಿ ಕಡೆಯದು ಸವಳು: ಉಪ್ಪು ಜಾಸ್ತಿ, ಆದರೆ ಮಣ್ಣಿನ ಕಣಗಳು ಒಂದಕ್ಕೊಂದು ಅಂಟಿಕೊಂಡಿವೆ. ಒಳ್ಳೆ ನೀರು ಹಾಯಿಸಿ, ಅದು ಬಸಿದು ಹೋಗಲು ದಾರಿ ಮಾಡಿದರೆ ಉಪ್ಪು ತೊಳೆದು ಹೋಗುತ್ತದೆ. ಬಚ್ಚಲ ಕಡೆಯದು ಕ್ಷಾರ: ಸೋಡಿಯಂ ಮಣ್ಣಿನ ಕಣಗಳಿಗೇ ಅಂಟಿಕೊಂಡು ಅವನ್ನು ಬಿಡಿಸಿಬಿಟ್ಟಿದೆ. ಆ ನುಣ್ಣನೆ ಕಣಗಳು ಮಣ್ಣಿನ ಸಂದುಗಳನ್ನು ಮುಚ್ಚುತ್ತವೆ, ನೀರು ಕೆಳಗಿಳಿಯುವುದೇ ಇಲ್ಲ. ಇಲ್ಲಿ ಮೊದಲು ಜಿಪ್ಸಂ ಬೇಕು. ಜಿಪ್ಸಂನ ಕ್ಯಾಲ್ಸಿಯಂ ಸೋಡಿಯಂ ಅನ್ನು ಕಿತ್ತು ತಾನು ಕೂರುತ್ತದೆ. ಆಮೇಲೆ ನೀರು. ಲೋಟದ ಪರೀಕ್ಷೆ ಅಂದಾಜಿಗೆ ಮಾತ್ರ. ಜಿಪ್ಸಂ ಎಷ್ಟು ಹಾಕಬೇಕು ಅನ್ನುವುದಕ್ಕೆ ಮಣ್ಣು ಪರೀಕ್ಷೆ ಮಾಡಿಸಲೇಬೇಕು. ನಮ್ಮ ಜಿಲ್ಲೆಯವರಿಗೆ ಕವಡಿಮಟ್ಟಿಯ ಕೃಷಿ ವಿಜ್ಞಾನ ಕೇಂದ್ರ ಇದೆ.

ಬಚ್ಚಲ ಕಡೆಗೇ ಕ್ಷಾರ ಯಾಕೆ? ಸಾಬೂನಿನಲ್ಲಿ ಸೋಡಿಯಂ ಇದೆ, ಬಟ್ಟೆ ಪೌಡರಿನಲ್ಲಿ ಸೋಡಾ ಇದೆ. ನೀರು ಹಾಳಾಗಬಾರದು ಅಂತ ಕಾಕಿ ವರ್ಷಗಟ್ಟಲೆ ಬಚ್ಚಲ ನೀರನ್ನೇ ಪಲ್ಯದ ಮಡಿಗೆ ಬಿಟ್ಟಿದ್ದಳು. ಮೇಲಿಂದ ಒಲೆಯ ಬೂದಿ ಬೇರೆ. ಬೂದಿಯೂ ಕ್ಷಾರವೇ. ಹುಳಿ ಮಣ್ಣಿಗೆ ಅದು ಒಳ್ಳೆಯದು, ಈ ಮಣ್ಣಿಗಲ್ಲ. ಅವಳ ಮುಖ ಸಣ್ಣದಾಯಿತು. ಆಕೆ ಮಾಡಿದ್ದು ಉಳಿತಾಯ, ತಪ್ಪಲ್ಲ. ಹೇಳುವವರು ಯಾರೂ ಇರಲಿಲ್ಲ, ಅಷ್ಟೆ.

ಇದಕ್ಕೆ ದಾರಿ ತೋರಿಸಿದವರು ಕಡಲ ದಂಡೆಯ ಹೆಣ್ಣುಮಕ್ಕಳು. 2009ರ ಮೇನಲ್ಲಿ ಐಲಾ ಚಂಡಮಾರುತ ಬಂಗಾಳದ ಸುಂದರಬನಕ್ಕೆ ಬಡಿದಾಗ ಒಡ್ಡು ಒಡೆದು, ಹೊಲ, ಕೆರೆ, ಹಿತ್ತಲಿಗೆಲ್ಲ ಸಮುದ್ರದ ನೀರು ನುಗ್ಗಿತು. ಅಲ್ಲಿ ಈಗ ಚೀಲಗಳಲ್ಲಿ ಮಣ್ಣು ತುಂಬಿ ತರಕಾರಿ ಬೆಳೆಯುವವರಿದ್ದಾರೆ. ಜಮೀನಿನ ಐದನೇ ಒಂದು ಭಾಗದಲ್ಲಿ ಹೊಂಡ ತೋಡಿ, ಆ ಮಣ್ಣಿನಿಂದ ಉಳಿದ ನೆಲವನ್ನು ಎತ್ತರಿಸುವ ಪದ್ಧತಿಯೂ ಇದೆ. ಹೊಂಡದಲ್ಲಿ ಮಳೆ ನೀರು ನಿಲ್ಲುತ್ತದೆ, ಮೇಲಿನ ಮಡಿಯಿಂದ ಉಪ್ಪು ಇಳಿಯುತ್ತದೆ. ನಮ್ಮ ಕುಮಟಾದ ಗಜನಿಯಲ್ಲಂತೂ, ಅಂದರೆ ಉಬ್ಬರದ ಉಪ್ಪುನೀರು ನುಗ್ಗುವ ಗದ್ದೆಗಳಲ್ಲಂತೂ, ಉಪ್ಪುನೀರು ತಡೆಯುವ ಕಗ್ಗ ಭತ್ತವೇ ಇದೆ.

ಕಾಕಿ ಹತ್ತು ಗೊಬ್ಬರದ ಚೀಲಗಳಿಗೆ ಮಡ್ಡಿ ಮಣ್ಣು, ತಿಪ್ಪೆಗೊಬ್ಬರ ತುಂಬಿ, ಇಟ್ಟಂಗಿ ಮೇಲೆ ಇಟ್ಟಳು. ತಳಕ್ಕೆ ತೂತು, ಮೇಲೆ ಜೋಳದ ರವದಿಯ ಹೊದಿಕೆ. ಚೀಲದಲ್ಲಿ ಪಾಲಕ್, ಟೊಮೆಟೊ. ಬೇಲಿ ಕಡೆ ಏರುಮಡಿ ಮಾಡಿ ಬೀಟ್‌ರೂಟ್ ಹಾಕಿದಳು. ಅದು ಉಪ್ಪು ಚೆನ್ನಾಗಿ ತಡೆಯುತ್ತದೆ. ಏರುಮಡಿಯ ನೆತ್ತಿಯಲ್ಲಿ ಬಿತ್ತಬೇಡ, ಉಪ್ಪು ಹೋಗಿ ಸೇರುವುದು ಅಲ್ಲೇ, ಇಳಿಜಾರಿನಲ್ಲಿ ಬಿತ್ತು ಅಂತ ಹೇಳಿದ್ದೆ. ನಂಬಿಕೆ ಬರಲಿಲ್ಲವೋ ಏನೋ, ಒಂದು ಸಾಲು ನೆತ್ತಿ ಮೇಲೆಯೇ ಬಿತ್ತಿದ್ದಳು. ಆ ಸಾಲು ಏಳಲಿಲ್ಲ.

ಬೀನ್ಸ್ ಹಾಕಬೇಕು ಅನ್ನುವ ಆಸೆ ಅವಳಿಗೆ ಈಗಲೂ ಇದೆ. ಉಪ್ಪಿಗೆ ಬೀನ್ಸಿನಷ್ಟು ಬೇಗ ಸೋಲುವ ತರಕಾರಿ ಕಡಿಮೆ, ಒಂದೆರಡು ಮಳೆಗಾಲ ತಡೆ ಅಂದೆ. ಬಚ್ಚಲ ನೀರನ್ನು ಮೋರಿ ತೋಡಿ ಹೊರಗೆ ಹರಿಸಿದ್ದಾಳೆ. ಕಳೆದ ವಾರ ಫೋನ್ ಮಾಡಿದ್ದಳು. "ಪಾಲಕ್ ಎರಡ್ ಸಲ ಕೊಯ್ದೆ. ಮನಿಗ್ ಆಗಿ ಉಳಿದದ್ದು ಸಂತಿಗೆ ಒಯ್ದೆ. ಬಚ್ಚಲ್ ಕಡಿ ಮಣ್ಣ ಮತ್ ಲೋಟದಾಗ ಹಾಕಿಟ್ಟೀನಿ, ಇನ್ನಾ ಬಗ್ಗಡನೇ ಅದ."