ಶಾಲೆಯ ಟ್ಯಾಬ್ ಹೊತ್ತನ್ನೂ ಲೆಕ್ಕಕ್ಕೆ ಸೇರಿಸಬೇಕಾ?

ಪ್ರಶ್ನೆ: ನಮ್ಮ ಮಗಳು ಮೂರನೇ ಕ್ಲಾಸು. ಶಾಲೆಯಲ್ಲಿ ಟ್ಯಾಬ್‌ನಲ್ಲಿ ಪಾಠ, ಹೋಮ್‌ವರ್ಕ್ ಕೂಡ ಅದರಲ್ಲೇ. ಆಮೇಲೆ ಅರ್ಧ ಗಂಟೆ ಕಾರ್ಟೂನ್ ಬೇಕು ಅಂತಾಳೆ. "ಅದು ಓದು, ಇದು ಬೇರೆ" ಅಂತ ವಾದ. ಸ್ಕ್ರೀನ್ ಟೈಮ್ ಲೆಕ್ಕಕ್ಕೆ ಶಾಲೆಯದ್ದನ್ನೂ ಸೇರಿಸಬೇಕಾ? ದಿನಕ್ಕೆ ಎಷ್ಟು ಗಂಟೆ ಸರಿ?

ಉತ್ತರ: ಕಣ್ಣಿನ ಮಟ್ಟಿಗೆ ಹೇಳುವುದಾದರೆ, ಹೌದು, ಸೇರಿಸಿ. ಕಣ್ಣಿಗೆ ಗಣಿತವೂ ಒಂದೇ, ಕಾರ್ಟೂನೂ ಒಂದೇ. ಹತ್ತಿರದ್ದನ್ನೇ ನೋಡುತ್ತಾ ಕೂತರೆ ಕಣ್ಣೊಳಗಿನ ಸ್ನಾಯು ಬಿಗಿಯಾಗಿಯೇ ಇರುತ್ತದೆ, ರೆಪ್ಪೆ ಬಡಿಯುವುದೂ ಕಮ್ಮಿಯಾಗುತ್ತದೆ. 20 ನಿಮಿಷಕ್ಕೊಮ್ಮೆ 20 ಅಡಿ ಆಚೆ 20 ಸೆಕೆಂಡ್ ನೋಡಿ ಎಂದು ಕಣ್ಣಿನ ಡಾಕ್ಟರ್‌ಗಳು ಹೇಳುವುದು ಅದಕ್ಕೇ. ಇದಕ್ಕಿಂತ ಮುಖ್ಯವಾದದ್ದು ಹೊರಗಿನ ಬೆಳಕು. ಹಗಲು ಹೊತ್ತು ಬಯಲಲ್ಲಿ ಜಾಸ್ತಿ ಆಡುವ ಮಕ್ಕಳಿಗೆ ಸಮೀಪದೃಷ್ಟಿ (ದೂರದ್ದು ಮಸುಕಾಗಿ ಕಾಣುವ ತೊಂದರೆ) ಶುರುವಾಗುವುದು ಕಮ್ಮಿ ಎಂದು ಶಾಲಾ ಮಕ್ಕಳ ಮೇಲೆ ನಡೆದ ಅಧ್ಯಯನಗಳಲ್ಲಿ ಕಂಡಿದೆ.

ಇನ್ನು ಗಂಟೆ. 2ರಿಂದ 4 ವರ್ಷದವರಿಗೆ ದಿನಕ್ಕೆ 1 ಗಂಟೆ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿತು. 5 ದಾಟಿದವರಿಗೆ 2020ರಲ್ಲಿ ಸಲಹೆ ಕೊಟ್ಟಾಗ ಗಂಟೆಯ ಮಿತಿ ಹಾಕಲೇ ಇಲ್ಲ. ಮನರಂಜನೆಗೆಂದು ಪರದೆ ಮುಂದೆ ಕೂರುವುದು ಕಮ್ಮಿಯಾಗಲಿ, ದಿನಕ್ಕೆ ಸರಾಸರಿ 60 ನಿಮಿಷ ಮೈ ಬೆವರುವ ಹಾಗೆ ಆಡಲಿ ಎಂದಿತು. ಈ ವಯಸ್ಸಿಗೆ 9ರಿಂದ 12 ಗಂಟೆ ನಿದ್ದೆಯೂ ಬೇಕು. ಹಾಗಾಗಿ ಆಟ ಮತ್ತು ನಿದ್ದೆಯ ಹೊತ್ತನ್ನು ಮೊದಲು ತೆಗೆದಿಡಿ. ರಾತ್ರಿ ಟ್ಯಾಬ್ ಮಲಗುವ ಕೋಣೆಯಲ್ಲಿ ಬೇಡವೇ ಬೇಡ, ಹೋಮ್‌ವರ್ಕ್ ಬಾಕಿ ಇದ್ದರೂ.

ಆದರೆ ಕಲಿಕೆಯ ವಿಷಯದಲ್ಲಿ "ಅದು ಓದು" ಅನ್ನುವ ಮಾತನ್ನು ಹಾಗೇ ಒಪ್ಪಬೇಡಿ. ಒಂದು ದಿನ ಪಕ್ಕದಲ್ಲಿ ಕೂತು ನೋಡಿ. ಪರದೆ ಮೇಲೆ 42 − 17 ಬರುತ್ತದೆ, ಕೆಳಗೆ ಮೂರು ಉತ್ತರ. ಮಗು 35 ಒತ್ತುತ್ತದೆ. ಕೆಂಪು. ತಕ್ಷಣ 25 ಒತ್ತುತ್ತದೆ. ಹಸಿರು, ಒಂದು ನಕ್ಷತ್ರ, ಮುಂದಿನ ಲೆಕ್ಕ. ಎರಡು ಸೆಕೆಂಡ್ ಕೂಡ ಆಗಿರುವುದಿಲ್ಲ. ಆ 35 ಸುಮ್ನೆ ಬಂದದ್ದಲ್ಲ. 2ರಲ್ಲಿ 7 ಹೋಗಲ್ಲ ಅಂತ ಮಗು 7ರಲ್ಲೇ 2 ಕಳೆದಿದೆ. ದಶಕ ತರುವುದು ಇನ್ನೂ ಅರ್ಥವಾಗಿಲ್ಲ. ನೋಟ್‌ಬುಕ್‌ನಲ್ಲಿ ಬರೆದಿದ್ದರೆ ಟೀಚರ್ ಕಣ್ಣಿಗೆ ಇದು ಬೀಳುತ್ತಿತ್ತು. ಇಲ್ಲಿ ನಕ್ಷತ್ರದ ಹಿಂದೆ ಮುಚ್ಚಿಹೋಯಿತು. ನನಗೆ ತುಂಬ ಸಂಕಟವಾಗುವುದು ಇದಕ್ಕೇ. ಮಗು ಓದುತ್ತಾ ಕೂತಿದೆ ಅಂತ ನಾವು ನೆಮ್ಮದಿಯಾಗಿರುತ್ತೇವೆ, ಅಲ್ವಾ?

"ಇದು ಹೇಗೆ ಬಂತು, ನನಗೂ ಹೇಳಿಕೊಡು" ಎಂದು ಕೇಳಿ. ಹೇಳಿಕೊಟ್ಟರೆ ಆ ಹೊತ್ತು ಕಲಿಕೆಯೇ. ತಡವರಿಸಿದರೆ ಬೈಯಬೇಡಿ, ಪೆನ್ಸಿಲ್ ಕೊಡಿ.

ಟ್ಯಾಬ್ ಕೆಟ್ಟದ್ದು ಅಂತಲ್ಲ. ತಾನು ಪಾಠ ಓದಿದ್ದನ್ನು ರೆಕಾರ್ಡ್ ಮಾಡಿ ಕೇಳುವ ಮಗು, ಎಲ್ಲಿ ತೊದಲಿದೆ ಎಂದು ತಾನೇ ಕಂಡುಕೊಳ್ಳುತ್ತದೆ, ಮತ್ತೆ ಓದುತ್ತದೆ. ಅಂಥದ್ದಕ್ಕೆ ಅರ್ಧ ಗಂಟೆ ಹೋದರೂ ಬೇಜಾರಿಲ್ಲ. ಕಾಗದದಲ್ಲೇ ಆಗುವ ಹೋಮ್‌ವರ್ಕ್ ಕಾಗದದಲ್ಲೇ ಇರಲಿ. ಹಾಗೆ ಮಾಡಬಹುದಾ ಎಂದು ಟೀಚರ್ ಹತ್ತಿರ ಕೇಳಿ. ಕೇಳಿದರೆ ತಪ್ಪೇನೂ ಇಲ್ಲ.

ಕಾರ್ಟೂನ್? ಹೊರಗೆ ಆಡಿ ಬಂದ ಮೇಲೆ, ಊಟಕ್ಕೆ ಮುಂಚೆ ಕೊಡಿ. ಒಂದು ಮುಗಿದ ಕೂಡಲೇ ಇನ್ನೊಂದು ಶುರುವಾಗುವ ಆಟೋಪ್ಲೇ ಆಫ್ ಮಾಡಿಡಿ. ಕಥೆಯ ಮಧ್ಯೆ ಕಿತ್ತುಕೊಂಡರೆ ಯಾವ ಮಗುವಾದರೂ ಅಳುತ್ತದೆ. ಕಥೆ ಮುಗಿದು ಪರದೆ ಸುಮ್ಮನಾದರೆ ಅವಳೇ ಎದ್ದು ಬರುವುದು ಸುಲಭ.